ಶುಗಾಗೆ ಯಾಕೆ ಬೇರೆ ಡ್ಯೂಟಿ? ಕೊರಿಯಾದ ಮೆಡಿಕಲ್ ಗ್ರೇಡ್ ಕಥೆ

ಹೋದ ವಾರ ನಮ್ಮ ಚಿಕ್ಕಪ್ಪನ ಮಗಳು ಕೇಳಿದ್ಲು: ‘ಅಣ್ಣಾ, ಬಿಟಿಎಸ್‌ನ ಜಿನ್ ಸೈನಿಕ ಆಗಿದ್ರು. ಶುಗಾ ಮಾತ್ರ ಯಾಕೆ ಬೇರೆ ಡ್ಯೂಟಿ ಮಾಡಿದ್ರು?’ ಇವತ್ತು ಅದನ್ನೇ ಮಾತಾಡೋಣ.

ದಕ್ಷಿಣ ಕೊರಿಯಾದಲ್ಲಿ ಗಂಡುಮಕ್ಕಳಿಗೆ ಸೇನಾ ಸೇವೆ ಕಡ್ಡಾಯ. 19ನೇ ವಯಸ್ಸಿನ ಹೊತ್ತಿಗೆ ಮೆಡಿಕಲ್ ಟೆಸ್ಟ್‌ಗೆ ಕರೆ ಬರುತ್ತೆ. ರಕ್ತ, ಮೂತ್ರ, ಎಕ್ಸ್‌ರೇ, ಕಣ್ಣು, ಎತ್ತರ, ತೂಕ, ಜೊತೆಗೆ ಮಾನಸಿಕ ಪರೀಕ್ಷೆ. ಕೊನೆಗೆ 1ರಿಂದ 7ರ ಒಳಗೆ ಒಂದು ಗ್ರೇಡ್ ಕೊಡ್ತಾರೆ.

1ರಿಂದ 3 ಬಂದ್ರೆ ಸಾಮಾನ್ಯವಾಗಿ ಸೈನಿಕ. ಭೂಸೇನೆಯಲ್ಲಾದ್ರೆ 18 ತಿಂಗಳು. 4 ಬಂದ್ರೆ ಸರ್ಕಾರಿ ಕಚೇರಿ, ಸಮಾಜ ಕಲ್ಯಾಣ ಕೇಂದ್ರಗಳಂಥ ಕಡೆ ಕೆಲಸ. ಸಂಜೆ ಮನೆಗೆ ಹೋಗಬಹುದು, ಆದ್ರೆ ಅವಧಿ 21 ತಿಂಗಳು. 5ನೇ ಗ್ರೇಡ್‌ನವರಿಗೆ ಯುದ್ಧ ಬಂದಾಗ ಮಾತ್ರ ಕರೆ. 6ಕ್ಕೆ ಪೂರ್ತಿ ವಿನಾಯಿತಿ. 7 ಅಂದ್ರೆ, ಈಗ ಹುಷಾರಿಲ್ಲ, ಗುಣವಾದ ಮೇಲೆ ಮತ್ತೆ ಟೆಸ್ಟ್. 2020ರಲ್ಲಿ ಭುಜದ ಸರ್ಜರಿ ಆಗಿದ್ದ ಶುಗಾ, 2023ರ ಸೆಪ್ಟೆಂಬರ್‌ನಿಂದ ಮಾಡಿದ್ದು ಈ ಕಚೇರಿ ಕೆಲಸದ ಸೇವೆಯನ್ನೇ.

ನಮ್ಮಲ್ಲಿ ಅಗ್ನಿವೀರ್‌ಗೆ ಇಷ್ಟಪಟ್ಟು ಹೋಗ್ತೀವಿ, ಅನ್‌ಫಿಟ್ ಅಂದ್ರೆ ವಾಪಸ್ ಮನೆಗೆ. ಅಲ್ಲಿ ಮಾತ್ರ ಒಂದು ಅಂಕಿ ಮುಂದಿನ ಒಂದೂವರೆ, ಎರಡು ವರ್ಷವನ್ನೇ ಬರೆದುಬಿಡುತ್ತೆ. ಹಾಗಾಗಿಯೇ ಮೋಸನೂ ನಡೆಯುತ್ತೆ. ಮೂರ್ಛೆರೋಗದ ನಾಟಕ ಹೇಳಿಕೊಡ್ತಿದ್ದ ದಲ್ಲಾಳಿಗಳು ಸಿಕ್ಕಿಬಿದ್ದಿದ್ದಾರೆ. ಹೀಗೆ ತಪ್ಪಿಸಿಕೊಂಡವರಿಗೆ ಅಲ್ಲಿನ ಕಾನೂನಲ್ಲಿ 1ರಿಂದ 5 ವರ್ಷ ಜೈಲು. ಆದ್ರೆ ಇದರ ಏಟು ನಿಜವಾದ ರೋಗಿಗೂ ಬೀಳುತ್ತೆ. ಅವನನ್ನೂ ಜನ ಅನುಮಾನದಿಂದ ನೋಡ್ತಾರೆ.

ನನ್ನನ್ನ ಯೋಚನೆಗೆ ಹಚ್ಚಿದ್ದು ಇನ್ನೊಂದು ವಿಷಯ. 170 ಸೆಂಟಿಮೀಟರ್ ಎತ್ತರ, 105 ಕೆಜಿ ತೂಕದ ಹುಡುಗ ಅಂದ್ಕೊಳ್ಳಿ. ಅವನ ಬಿಎಂಐ ಸುಮಾರು 36. ಮೊದಲು 35 ದಾಟಿದ್ರೆ 4ನೇ ಗ್ರೇಡ್ ಆಗ್ತಿತ್ತು. 2024ರಲ್ಲಿ ಆ ಗಡಿಯನ್ನ 40ಕ್ಕೆ ಏರಿಸಿದ್ರು. ತೀರಾ ಸಣ್ಣಗಿರೋರ ಗಡಿಯನ್ನೂ 16ರಿಂದ 15ಕ್ಕೆ ಇಳಿಸಿದ್ರು. ಅಲ್ಲಿ ಮಕ್ಕಳು ಹುಟ್ಟೋದೇ ಕಡಿಮೆಯಾಗಿ, ಸೇನೆಗೆ ಸಿಗೋ ಹುಡುಗರ ಸಂಖ್ಯೆ ಇಳೀತಾ ಇದೆ.

ಹುಡುಗ ಅವನೇ, ತೂಕವೂ ಅಷ್ಟೇ. ನಿನ್ನೆ ಕಚೇರಿಗೆ ಹೋಗಬೇಕಿದ್ದವನು ಇವತ್ತು ಗಡಿ ಕಾಯೋಕೆ ಫಿಟ್! ಗ್ರೇಡ್ ಅಳೆಯೋದು ದೇಹವನ್ನಷ್ಟೇ ಅಲ್ಲ, ದೇಶಕ್ಕೆ ಎಷ್ಟು ಜನ ಬೇಕು ಅನ್ನೋದನ್ನೂ. ನಿಮಗೇನನ್ಸುತ್ತೆ? ಯೋಚನೆ ಮಾಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.