ಮಣ್ಣಿಲ್ಲದ ಹೂಬೇಸಾಯ ಮತ್ತು ಠಾಣೆಯ ಹವೆ

ಕ್ರಿ.ಶ. 1025ರ ಸುಮಾರಿನ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ವು ವೃಕ್ಷಾಯುರ್ವೇದವನ್ನು ಕನ್ನಡದಲ್ಲಿ ನಿರೂಪಿಸಿದ ಗ್ರಂಥ. ಸಸ್ಯಪೋಷಣೆಯ ವಿಚಾರ ನಮ್ಮ ಭಾಷೆಗೆ ಹೊಸತಲ್ಲವಾದ್ದರಿಂದ, ಮಣ್ಣಿಲ್ಲದೆ ಹೂ ಬೆಳೆಯುವ ಇಂದಿನ ಪದ್ಧತಿಯನ್ನು ಇಲ್ಲಿ ವಿವೇಚಿಸಲು ಬಯಸುತ್ತೇವೆ. ದೊಡ್ಡಬಳ್ಳಾಪುರದ ಪಾಲಿಹೌಸುಗಳಲ್ಲಿ ಬೆಳೆಯುವ ಗುಲಾಬಿ, ಜರ್ಬೆರಾಗಳನ್ನು ಠಾಣೆ, ಡೊಂಬಿವಲಿ, ಕಲ್ಯಾಣಗಳ ಆಸುಪಾಸಿನಲ್ಲಿಯೂ ಬೆಳೆಯಬಹುದಲ್ಲವೇ ಎಂಬುದು ಅಲ್ಲಿಯ ಕನ್ನಡಿಗರಿಗೆ ಸಹಜವಾಗಿ ಏಳುವ ಪ್ರಶ್ನೆ. (ಈ ಕಲ್ಯಾಣವು ಚಾಲುಕ್ಯರ ರಾಜಧಾನಿಯಲ್ಲ, ಅದು ಬೀದರ ಜಿಲ್ಲೆಯ ಬಸವಕಲ್ಯಾಣ.) ಇಂತಹ ಉದ್ಯಮಕ್ಕೆ ಸಾಲ ಮಾಡಿ ಬಂಡವಾಳ ಹೂಡುವವರೇ ಹೆಚ್ಚು; ಆದಕಾರಣ ಹವೆಯ ವಿಚಾರವನ್ನು ಮೊದಲು ತಿಳಿಯುವುದು ಅವಶ್ಯ.

ಮಣ್ಣಿನ ಬದಲಿಗೆ ಬಳಕೆಯಾಗುವುದು ಮುಖ್ಯವಾಗಿ ತೆಂಗಿನ ನಾರಿನ ಪುಡಿ. ಬೆಳೆಗಾರರು ಇದನ್ನು ಕೊಕೊಪೀಟ್ ಎನ್ನುತ್ತಾರೆ. ಬೇರೆ ಪದ ಸೃಷ್ಟಿಸಲು ಹೆಣಗಬೇಕಾಗಿಲ್ಲ. ನೀರನ್ನೂ ಗಾಳಿಯನ್ನೂ ಒಟ್ಟಿಗೆ ಹಿಡಿದಿಡುವುದು ಇದರ ಗುಣ. ಹಸಿ ಪುಡಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳಿರುವುದರಿಂದ ಅದನ್ನು ಚೆನ್ನಾಗಿ ತೊಳೆದು ಕ್ಯಾಲ್ಸಿಯಂ ನೈಟ್ರೇಟಿನಿಂದ ಸಂಸ್ಕರಿಸಬೇಕು. ಪೋಷಕಾಂಶಗಳನ್ನು ನೀರಿನಲ್ಲಿ ಕರಗಿಸಿ ಹನಿ ನೀರಾವರಿಯ ಮೂಲಕ ಉಣಿಸಲಾಗುತ್ತದೆ. ಬಸಿದ ನೀರನ್ನು ಮರಳಿ ಬಳಸಿದರೆ ನೀರು ಉಳಿಯುತ್ತದೆ, ಆದರೆ ಗಿಡ ಹೀರದ ಲವಣವೂ ಉಳಿದು ಬೆಳೆಯುತ್ತ ಹೋಗುತ್ತದೆ. ಮಣ್ಣು ಬೆಳೆಗಾರನ ತಪ್ಪನ್ನು ಕೆಲದಿನ ಸಹಿಸೀತು. ಕುಂಡದಲ್ಲಿನ ಪುಡಿ ಸಹಿಸದು. ಬಯಲುಸೀಮೆಯ ಉಪ್ಪುನೀರಿನ ಕೊಳವೆಬಾವಿಗಳಲ್ಲಿ ಇದೇ ದೊಡ್ಡ ತೊಡಕು.

ಇನ್ನು ಹವೆಯ ಮಾತು. ದೊಡ್ಡಬಳ್ಳಾಪುರದ ಯಶಸ್ಸು ಉಷ್ಣಪ್ರದೇಶದ ಯಶಸ್ಸಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ತಂಪು ಅದಕ್ಕೆ ಕಾರಣ. ನಿಜವಾದ ಒಣಬಿಸಿಲೆಂದರೆ ಕಲಬುರಗಿಯದು. ಅಲ್ಲಿ ಉಷ್ಣತೆ 40 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇ. 20 ಇರುವ ಮಧ್ಯಾಹ್ನ, ಹಸಿಮೆತ್ತೆಯ ಮೂಲಕ ಫ್ಯಾನು ಎಳೆದ ಗಾಳಿ ಹಸಿರುಮನೆಯನ್ನು ಹೊಗುವಾಗ ಸುಮಾರು 26 ಡಿಗ್ರಿಗೆ ಇಳಿಯಬಲ್ಲದು. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರುತ್ತದೆ. ಗಾಳಿ ಒಣಗಿದಷ್ಟೂ ಫಲ ಅಧಿಕ. ಠಾಣೆಯಲ್ಲಿ ಉಷ್ಣತೆ 33, ಆರ್ದ್ರತೆ ಶೇ. 70 ಇರುವಾಗ ಅದೇ ಯಂತ್ರ 29ಕ್ಕಿಂತ ಕೆಳಗೆ ಇಳಿಸುವುದು ಕಷ್ಟ. ಮೇಲಾಗಿ ಒಳಗಿನ ತೇವ ಹೆಚ್ಚಿ ಬೂಷ್ಟುರೋಗಗಳಿಗೆ ಎಡೆಯಾಗುತ್ತದೆ. ಕಡಮೆ ಬಿಸಿಲಿನ ಊರಿನಲ್ಲಿ ತಂಪು ದುರ್ಲಭವೆಂಬ ಈ ವೈಚಿತ್ರ್ಯವನ್ನು ಯಂತ್ರ ಕೊಳ್ಳುವವರು ಮರೆಯಬಾರದು.

ಠಾಣೆಯ ಹವೆಗೆ ಒಗ್ಗುವುದು ಆಂಥೂರಿಯಂ ಮತ್ತು ಡೆಂಡ್ರೋಬಿಯಂ ಜಾತಿಯ ಸೀತಾಳೆ. ತೆಂಗಿನ ಸಿಪ್ಪೆ, ಇದ್ದಿಲು, ಇಟ್ಟಿಗೆ ಚೂರುಗಳಲ್ಲಿ ಬೇರೂರುವ ಇವಕ್ಕೂ ಮಣ್ಣು ಬೇಡ. ನೆರಳುಬಲೆ, ತೆರೆದ ಪಕ್ಕಗಳು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ಮರೆ, ಇಷ್ಟಿದ್ದರೆ ಸಾಕು. ಗುಲಾಬಿಯು ಘಟ್ಟದ ಮೇಲಿನ ತಳೇಗಾಂವ್ ಕಡೆಯಿಂದಲೇ ಮುಂಬಯಿಯ ಪೇಟೆಗೆ ಇಳಿದು ಬರುವುದು ಲೇಸು.