ಮನೆ ಅಂಗಡಿಗಳಿಗೆ ವಿಮೆಯ ಮೊಬಲಗನ್ನು ಗೊತ್ತುಪಡಿಸುವ ಬಗೆ

೧೯೯೩ನೆಯ ಇಸವಿ ಸೆಪ್ಟೆಂಬರ್ ೩೦ರ ನಸುಕಿನಲ್ಲಿ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಾದ ಭೂಕಂಪಕ್ಕೆ ಮಣ್ಣಿನಿಂದ ಕಟ್ಟಿದ ದಪ್ಪ ಕಲ್ಲುಗೋಡೆಯ ಮನೆಗಳೇ ಹೆಚ್ಚಾಗಿ ಕುಸಿದವು. ಅಂತಹ ಮನೆಗಳು ಭಾಲ್ಕಿ, ಔರಾದ ಸೀಮೆಯಲ್ಲಿಯೂ ಉಂಟು. ಮಾಂಜ್ರಾ ದಂಡೆಯ ಊರುಗಳಿಗೆ ನೆರೆಯ ಭಯ ಬೇರೆ. ಆದುದರಿಂದ ಮನೆಗೆ ವಿಮೆ ಇಳಿಸುವವರು ಬೆಂಕಿಯೊಂದನ್ನೇ ನೆನೆದರೆ ಸಾಲದು.

೨೦೨೧ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದ ‘ಭಾರತ ಗೃಹ ರಕ್ಷಾ’ ವಿಮಾಪತ್ರದಲ್ಲಿ ಬೆಂಕಿ, ಸಿಡಿಲು, ನೆರೆ, ಭೂಕಂಪಗಳೆಲ್ಲವೂ ಅಡಕವಾಗಿವೆ. ನಿವೇಶನದ ಬೆಲೆಯನ್ನು ಇದರಲ್ಲಿ ಸೇರಿಸತಕ್ಕದ್ದಲ್ಲ. ಮನೆಯನ್ನು ಪುನಃ ಕಟ್ಟಲು ತಗಲುವ ವೆಚ್ಚವೇ ವಿಮೆಯ ಮೊಬಲಗು. ಗೃಹೋಪಯೋಗಿ ಸಾಮಾನುಗಳಿಗೆ ಆ ಮೊಬಲಗಿನ ನೂರಕ್ಕೆ ೨೦ರಂತೆ, ೧೦ ಲಕ್ಷ ರೂಪಾಯಿ ಮೀರದಂತೆ, ರಕ್ಷಣೆ ತಾನಾಗಿಯೇ ದೊರೆಯುವುದು. ಒಡವೆಗಳನ್ನು ಮಾತ್ರ ಪ್ರತ್ಯೇಕವಾಗಿ ಬರೆಯಿಸಬೇಕು.

ಅಂಗಡಿಕಾರರ ಲೆಕ್ಕ ಇನ್ನೂ ನಾಜೂಕಾದುದು. ಆಸ್ತಿಯ ಒಟ್ಟು ಮೌಲ್ಯವು ೫ ಕೋಟಿ ರೂಪಾಯಿಗೆ ಮೀರದ ಉದ್ಯಮಗಳಿಗೆ ‘ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬುದಿದೆ. ಕಂತಿನಲ್ಲಿ ನಾಲ್ಕು ಕಾಸು ಉಳಿಸಲೆಂದು ೧೦ ಲಕ್ಷದ ದಾಸ್ತಾನನ್ನು ೫ ಲಕ್ಷಕ್ಕೆ ಬರೆಯಿಸಿದವನಿಗೆ, ೨ ಲಕ್ಷದ ಸರಕು ಸುಟ್ಟರೆ, ಕೈಗೆ ಬರುವುದು ೧ ಲಕ್ಷವೇ. ಕೊರತೆಯು ನೂರಕ್ಕೆ ೧೫ರೊಳಗಿದ್ದಲ್ಲಿ ಈ ಕಡಿತವಿಲ್ಲ. ಬೀದರ ನಗರದ ಅಡತಿ ಅಂಗಡಿಗಳಲ್ಲಿ ತೊಗರಿ, ಸೋಯಾ ಅವರೆಯ ಸುಗ್ಗಿಗೆ ದಾಸ್ತಾನು ಏರುವುದರಿಂದ, ಬೇಸಗೆಯ ಬರಿದಾದ ಉಗ್ರಾಣವನ್ನು ನೋಡಿ ಮೊಬಲಗನ್ನು ಗೊತ್ತುಪಡಿಸುವುದು ಅವಿವೇಕವೇ ಸರಿ. ಸುಗ್ಗಿಯ ಲೆಕ್ಕವನ್ನೇ ಹಿಡಿಯತಕ್ಕದ್ದು. ಸಾಮಾನ್ಯ ಕಳ್ಳತನಕ್ಕೆ ಬೇರೆ ವಿಮೆ ಬೇಕು.

ಹೊಲದಲ್ಲಿ ನಿಂತ ಪೈರಿಗೆ ಇವೆರಡೂ ಸಲ್ಲವು. ಅದು ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಗೆ ಸೇರಿದ ವಿಷಯ.