ಮೀನಖಂಡದೊಳಗಿನ ಫುಟ್‌ವಾಲ್ವ್

ಸ್ನಾಯುಗಳು ಕ್ರಮೇಣ ಕ್ಷೀಣಿಸುವ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಕಾಯಿಲೆ ಇರುವ ಹುಡುಗನ ತಾಯಿಯೊಬ್ಬರು ಕೇಳಿದ್ದಾರೆ: ‘ಮಗ ದಿನವೆಲ್ಲ ಗಾಲಿಕುರ್ಚಿಯಲ್ಲೇ ಇರ್ತಾನೆ. ಸಂಜೆ ಹೊತ್ತಿಗೆ ಪಾದ ಊದಿಕೊಂಡು, ತಣ್ಣಗಾಗಿ, ನೀಲಿಗಟ್ಟುತ್ತೆ. ರಕ್ತ ಕೆಟ್ಟಿದೆ, ರಕ್ತಶುದ್ಧಿಯ ಕಷಾಯ ಕುಡಿಸು ಅಂತಾರೆ ನಮ್ಮತ್ತೆ. ಕುಡಿಸಲಾ?’

ಬೇಡ ತಾಯಿ. ಹುಡುಗನ ರಕ್ತಕ್ಕೇನೂ ಆಗಿಲ್ಲ. ಅದನ್ನು ಕಾಲಿನಿಂದ ಮೇಲಕ್ಕೆತ್ತುವ ಯಂತ್ರ ಸೋತಿದೆ.

ಆ ಯಂತ್ರದ ಅರ್ಧ ಭಾಗವನ್ನು ನಿಮ್ಮ ಮುಂಗೈಯಲ್ಲೇ ನೋಡಬಹುದು. ಕೈ ಇಳಿಬಿಟ್ಟು, ಮೊಣಕೈಗಿಂತ ಮೇಲೆ ಒಂದು ಬಟ್ಟೆಯನ್ನು ಹಗುರವಾಗಿ ಕಟ್ಟಿ. ಅಭಿಧಮನಿಗಳು ಉಬ್ಬುತ್ತವೆ, ಅಲ್ಲಲ್ಲಿ ಸಣ್ಣ ಗಂಟು ಕಾಣುತ್ತದೆ. ಗಂಟಿನ ಕೆಳಗೆ, ಮಣಿಕಟ್ಟಿನ ಕಡೆ, ಒಂದು ಬೆರಳನ್ನು ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ರಕ್ತವನ್ನು ಗಂಟು ದಾಟುವಂತೆ ಮೇಲಕ್ಕೆ ಸವರಿ, ಆ ಬೆರಳು ತೆಗೆಯಿರಿ. ನಾಳ ಚಪ್ಪಟೆಯಾಗೇ ಉಳಿಯುತ್ತದೆ! ಮೇಲೆ ತುಂಬಿ ನಿಂತ ರಕ್ತ ಗಂಟು ದಾಟಿ ಒಂದು ಹನಿಯೂ ಇಳಿಯದು. ಕೆಳಗಿನ ಬೆರಳೆತ್ತಿದರೆ ತಟ್ಟನೆ ತುಂಬಿಕೊಳ್ಳುತ್ತದೆ. ಚರ್ಮ ತೆಳುವಾದ ಅಜ್ಜ-ಅಜ್ಜಿಯರ ಕೈಯಲ್ಲಿ ಇದು ಇನ್ನೂ ಸೊಗಸಾಗಿ ಕಾಣುತ್ತದೆ. ಮಕ್ಕಳಿಗೆ ತೋರಿಸಲು ನಾನು ಅವರನ್ನೇ ಹಿಡಿಯುವುದು.

1628ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ತನ್ನ ಪುಸ್ತಕದಲ್ಲಿ ಚಿತ್ರ ಬರೆಸಿ ತೋರಿಸಿದ್ದು ಇದೇ ಪ್ರಯೋಗವನ್ನು. ಆ ಗಂಟುಗಳು ಕವಾಟಗಳು. ಪಾದುವಾದಲ್ಲಿ ಅವನ ಗುರುವಾಗಿದ್ದ ಫ್ಯಾಬ್ರಿಷಿಯಸ್ 1603ರಲ್ಲೇ ಅವುಗಳ ಬಗ್ಗೆ ಬರೆದಿದ್ದ. ಆದರೆ ರಕ್ತ ಒಮ್ಮೆಲೇ ಕೈಕಾಲಿಗೆ ನುಗ್ಗದಂತೆ ತಡೆಯಲು ಅವು ಇವೆ ಎಂದುಕೊಂಡ. ಕಣ್ಣೆದುರಿಗಿದ್ದ ಬಾಗಿಲು ಯಾವ ಕಡೆಗೆ ತೆರೆಯುತ್ತದೆಂದು ಸರಿಯಾಗಿ ಕೇಳಿದವನು ಶಿಷ್ಯ. ರಕ್ತ ಸುತ್ತು ಹಾಕುತ್ತದೆಂಬ ಯೋಚನೆ ತನಗೆ ಹೊಳೆದದ್ದೇ ಈ ಕವಾಟಗಳಿಂದ ಎಂದು ಹಾರ್ವೆ ಹೇಳಿದ್ದನ್ನು ವಿಜ್ಞಾನಿ ರಾಬರ್ಟ್ ಬಾಯ್ಲ್ ಬರೆದಿಟ್ಟಿದ್ದಾನೆ.

ಬಾವಿಯ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ನೋಡಿದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏರಿದ ನೀರು ಇಳಿಯದಂತೆ ವಾಲ್ವ್ ಹಿಡಿದುಕೊಳ್ಳುತ್ತದೆ, ಆದರೆ ಏರಿಸಲು ಪಂಪೇ ಬೇಕು. ಕಾಲಿನಲ್ಲಿ ಆ ಪಂಪು ಮೀನಖಂಡದ ಸ್ನಾಯು. ಪ್ರತಿ ಹೆಜ್ಜೆಗೂ ಅದು ಬಿಗಿದು, ಆಳದ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಅಲುಗಾಡದೆ ನಿಂತವರ ಪಾದದ ಅಭಿಧಮನಿಯಲ್ಲಿ ಒತ್ತಡ ಸುಮಾರು 80-90 ಮಿಲಿಮೀಟರ್ ಪಾದರಸದಷ್ಟು. ನಡೆಯತೊಡಗಿದರೆ 30ಕ್ಕಿಂತ ಕೆಳಗಿಳಿಯುತ್ತದೆ. ಕಾಲು ಇಳಿಬಿಟ್ಟು ಕೂತೇ ಇದ್ದರೆ ಒತ್ತಡ ಅಷ್ಟು ಇಳಿಯುವುದಿಲ್ಲ. ನಾಳದಿಂದ ನೀರಿನಂಶ ಹೊರಗೆ ಒಸರಿ ಪಾದ ಊದುತ್ತದೆ. ನಿಧಾನವಾಗಿ ಹರಿಯುವ ರಕ್ತದಿಂದ ಅಂಗಾಂಶಗಳು ಹೆಚ್ಚು ಆಮ್ಲಜನಕ ಹೀರಿಕೊಳ್ಳುವುದರಿಂದ ಅದು ಕಪ್ಪುಗೆಂಪಾಗುತ್ತದೆ. ಚರ್ಮದ ಮೂಲಕ ನಮಗೆ ನೀಲಿಯಾಗಿ ಕಾಣುವುದು ಅದೇ. ಕಷಾಯಕ್ಕೆ ಇಲ್ಲಿ ಮಾಡಲು ಕೆಲಸವೇ ಇಲ್ಲ. ರಕ್ತವನ್ನು ಸೋಸಲು ಮೂತ್ರಪಿಂಡವಿದೆ, ಅದು ಸಂಬಳ ಕೇಳದೆ ದುಡಿಯುತ್ತಿದೆ.

ಡುಶೆನ್ ಕಾಯಿಲೆಯ ಕ್ರೂರ ತಮಾಷೆಯೊಂದಿದೆ. ಹುಡುಗನ ಮೀನಖಂಡ ದಪ್ಪವಾಗಿ, ಪೈಲ್ವಾನನದರಂತೆ ಕಾಣಬಹುದು. ‘ಇಷ್ಟು ಗಟ್ಟಿ ಕಾಲಿದ್ದೂ ಯಾಕೆ ಬೀಳ್ತಾನೆ, ಸೋಮಾರಿ’ ಎಂದವರು ಎಷ್ಟೋ ಜನ. 1868ರಲ್ಲೇ ಫ್ರಾನ್ಸಿನ ವೈದ್ಯ ಡುಶೆನ್ ಈ ಹುಸಿ ದಪ್ಪವನ್ನು ವಿವರಿಸಿದ್ದ: ಒಳಗೆ ಸ್ನಾಯುವಿನ ಜಾಗದಲ್ಲಿ ಕೊಬ್ಬು, ನಾರು ಸೇರಿಕೊಂಡಿರುತ್ತದೆ.

ಪಂಪು ಸೋತಾಗ ಬೇರೆ ಬಲಗಳನ್ನು ಕರೆಯಬೇಕು. ಮಲಗಿಸಿ, ಕಾಲಿನ ಕೆಳಗೆ ದಿಂಬಿಟ್ಟು ಎತ್ತರಿಸಿದರೆ ಗುರುತ್ವ ನಮ್ಮ ಕಡೆಗೆ ಬರುತ್ತದೆ. ನೀವೇ ಅವನ ಪಾದ ಹಿಡಿದು ಮೇಲೆ ಕೆಳಗೆ ಮೆಲ್ಲಗೆ ಆಡಿಸಿದರೂ ಒಂದಿಷ್ಟು ರಕ್ತ ಮೇಲಕ್ಕೆ ಸರಿಯುತ್ತದೆ, ತಾನೇ ಆಡಿಸಿದಷ್ಟಲ್ಲದಿದ್ದರೂ. ಫಿಸಿಯೋಥೆರಪಿಸ್ಟರಿಂದ ಒಮ್ಮೆ ಕಲಿತುಕೊಳ್ಳಿ. ಉಸಿರು ಎಳೆದಾಗ ವಪೆ ಕೆಳಗಿಳಿದು ರಕ್ತವನ್ನು ಎದೆಯೊಳಕ್ಕೆ ಸೆಳೆಯುತ್ತದೆ, ಆದ್ದರಿಂದ ಕುರ್ಚಿಯಲ್ಲಿ ಮುದುಡಿ ಕೂರದಂತೆ ನೋಡಿಕೊಳ್ಳಿ. ಬೆಚ್ಚಗಿನ ಕಾಲುಚೀಲ ಸರಿ. ಬಿಸಿನೀರಿನ ಚೀಲ ಬೇಡ, ಸುಟ್ಟರೆ ಕಾಲು ಎಳೆದುಕೊಳ್ಳಲು ಅವನಿಂದಾಗದು. ಬಿಗಿ ಸ್ಟಾಕಿಂಗ್ಸನ್ನು ಮೆಡಿಕಲ್ ಶಾಪಿನಿಂದ ನೀವಾಗಿ ತಂದು ಹಾಕಬೇಡಿ.

ಯಾಕೆಂದರೆ ಡುಶೆನ್ ಕಾಯಿಲೆ ಹೃದಯದ ಸ್ನಾಯುವನ್ನೂ ಬಿಡದು, ಎರಡೂ ಕಾಲು ಊದಲು ಅದೂ ಕಾರಣವಾಗಿರಬಹುದು. ವರ್ಷಕ್ಕೊಮ್ಮೆಯಾದರೂ ಹೃದಯದ ತಪಾಸಣೆ ಆಗಲೇಬೇಕು. ಇನ್ನು ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ನೋಯತೊಡಗಿದರೆ ಎಣ್ಣೆ ಹಚ್ಚಿ ತಿಕ್ಕಲು ಯಾರಿಗೂ ಬಿಡಬೇಡಿ, ಎಷ್ಟೇ ಹಿರಿಯರಿರಲಿ. ಒಳಗೆ ಹೆಪ್ಪುಗಟ್ಟಿದ ರಕ್ತವಿದ್ದರೆ ತಿಕ್ಕಿದಾಗ ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಆಗ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.